ಹಾಲು ಡೇರಿಗೆ, ಸಗಣಿ ನಮ್ಮ ಹೊಲಕ್ಕೆ

ಹಂಗಳದ ಕಡೆಯ ಒಂದು ಹಳ್ಳಿಗೆ ಹಸುವಿನ ಚಿಕಿತ್ಸೆಗೆ ಹೋಗಿದ್ದೆ. ಕೊಟ್ಟಿಗೆಯ ಹಿಂದೆ ಪ್ರತಿ ಸಲ ಕಾಣುತ್ತಿದ್ದ ತಿಪ್ಪೆ ಈ ಸಲ ಇರಲಿಲ್ಲ. "ಲಾರಿಯವರಿಗೆ ಕೊಟ್ಬುಟ್ಟೆ ಡಾಕ್ಟ್ರೇ, ಮಗಳ ಫೀಸು ಕಟ್ಬೇಕಿತ್ತು" ಎಂದರು ಆ ಮನೆಯ ಅಕ್ಕ. ಅವರ ಜಗಲಿಯ ಮೇಲೆ ಅಂಗಡಿಯಿಂದ ಸಾಲಕ್ಕೆ ತಂದ ಎರಡು ಮೂಟೆ ರಸಗೊಬ್ಬರ ಇತ್ತು. ಅವರದು ತಪ್ಪು ಎಂದು ನಾನು ಹೇಳಲಾರೆ. ಆದರೆ ಈ ವ್ಯಾಪಾರದಲ್ಲಿ ನಮಗೆ ಉಳಿದದ್ದೇನು, ಹೋದದ್ದೇನು ಎಂದು ಒಮ್ಮೆ ಲೆಕ್ಕ ಹಾಕಬೇಕು.

ಕಾಡಂಚಿನ ನಮ್ಮ ಊರುಗಳ ಸಗಣಿ ಗೊಬ್ಬರ ವಯನಾಡಿನ ಕಡೆಯ ಕಾಫಿ ತೋಟಗಳಿಗೆ ಹೋಗುವುದು ಹಳೆಯ ಸಂಗತಿ. ಮೈಸೂರಿನ ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ ಅವರು ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಇದನ್ನೇ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. 1994ರಲ್ಲಿ ದೂರದ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು, ಜಗತ್ತಿನಲ್ಲೆಲ್ಲ ಕಾಫಿಗೆ ಬೆಲೆ ಏರಿತು. ಬೆಲೆ ಬಂದಾಗ ತೋಟದವರಿಗೆ ಗೊಬ್ಬರ ಹೆಚ್ಚು ಬೇಕಾಯಿತು. ನಮ್ಮ ಹೊಲಕ್ಕೆ ಬೀಳುತ್ತಿದ್ದ ಸಗಣಿ ಮಾರಾಟದ ಸರಕಾಯಿತು. ಹಾಲಿಗಲ್ಲ, ಉಳುಮೆಗಲ್ಲ, ಸಗಣಿಗೆಂದೇ ದನ ಸಾಕುವ ಮನೆಗಳಾದವು. ಆ ದನಗಳು ಮೇಯ್ದದ್ದು ಕಾಡಿನಲ್ಲಿ.

ಹಾಗಾದರೆ ಲಾರಿಯಲ್ಲಿ ಹೋಗುವುದು ಏನು? ಬಂಡೀಪುರದ ಹುಲ್ಲು, ಅದರೊಳಗಿನ ಕಾಡಿನ ಮಣ್ಣಿನ ಸಾರ. ಕಾಡಿಗೂ ಅದು ವಾಪಸ್ ಬರುವುದಿಲ್ಲ, ನಮ್ಮ ಹೊಲಕ್ಕೂ ಬರುವುದಿಲ್ಲ. ಹುಲ್ಲು ಸವೆದ ಬಯಲಿನಲ್ಲಿ ಲಂಟಾನ ಸುಲಭವಾಗಿ ಬೇರೂರುತ್ತದೆ. ಮೇವಿಲ್ಲದೆ ಅದನ್ನು ತಿಂದ ಹಸುಗಳಿಗೆ ಈಲಿ ಕೆಟ್ಟು, ಕಾಮಾಲೆಯಾಗಿ, ಬಿಸಿಲಿಗೆ ಚರ್ಮ ಬಿರಿದದ್ದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದೇ ವಿಜ್ಞಾನಿಯ 2004ರ ಇನ್ನೊಂದು ಅಧ್ಯಯನದ ಪ್ರಕಾರ, ಜಾನುವಾರು ಕಡಿಮೆಯಾದ ಕಡೆ ಕಾಟಿ, ಜಿಂಕೆ, ಆನೆಗಳು ಮತ್ತೆ ಹೆಚ್ಚಿದವು. ಬಿಟ್ಟರೆ ಕಾಡು ಚೇತರಿಸಿಕೊಳ್ಳುತ್ತದೆ.

ಈಗ ನಮ್ಮ ಹೊಲದ ಮಾತು. ನಮ್ಮದು ಮಳೆ ಕಡಿಮೆ ಬೀಳುವ ಸೀಮೆ, ಬೋರ್‌ವೆಲ್ ವರ್ಷದಿಂದ ವರ್ಷಕ್ಕೆ ಆಳಕ್ಕೆ ಹೋಗುತ್ತಿದೆ. ಕಳಿತ ಗೊಬ್ಬರ ಬಿದ್ದ ಮಣ್ಣು ಮಳೆ ನೀರನ್ನು ಹಿಡಿದಿಡುತ್ತದೆ. ಬರೀ ರಸಗೊಬ್ಬರ ಕಂಡ ಕೆಂಪು ಮಣ್ಣು ಗಟ್ಟಿಯಾಗಿ, ನೀರು ಮೇಲೆ ಹರಿದು ಹೋಗುತ್ತದೆ. ಹಾಗಾಗಿ ತಿಪ್ಪೆ ಮಾರಿದವರು ಗೊಬ್ಬರದ ಜೊತೆಗೆ ಒಂದಿಷ್ಟು ನೀರನ್ನೂ ಮಾರಿದಂತೆ.

ಒಂದು ಮಿಶ್ರತಳಿ ಹಸು ದಿನಕ್ಕೆ 15 ಕೆ.ಜಿ. ಸಗಣಿ ಹಾಕುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ ಐದೂವರೆ ಟನ್ ಹತ್ತಿರ. ಕಳಿತು ಗೊಬ್ಬರವಾಗುವಷ್ಟರಲ್ಲಿ ತೂಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮಳೆಯಾಶ್ರಯದ ರಾಗಿಗೆ ಎಕರೆಗೆ ಸುಮಾರು 3 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಅಂದರೆ ಎರಡು ಹಸು ಇರುವ ಮನೆ ತನ್ನ ಒಂದು ಎಕರೆಯನ್ನು ತಾನೇ ಸಾಕಬಲ್ಲದು. ಆ ಎಕರೆಯ ರಾಗಿ ಹುಲ್ಲು, ಜೋಳದ ಕಡ್ಡಿ ಮತ್ತೆ ಹಸುವಿಗೆ ಮೇವು.

ದನವನ್ನು ಕಾಡಿಗೆ ಬಿಡಬೇಡಿ ಎನ್ನುವುದಕ್ಕೆ ಪಶುವೈದ್ಯನಾಗಿ ನನ್ನ ಕಾರಣವೂ ಒಂದಿದೆ. 1968ರಲ್ಲಿ ದೊಡ್ಡರೋಗ ಬಂದು ಬಂಡೀಪುರದ ಕಾಟಿಗಳು ಗುಂಪು ಗುಂಪಾಗಿ ಸತ್ತವು. ಆ ರೋಗ ಈಗ ಜಗತ್ತಿನಲ್ಲೇ ಇಲ್ಲ, ಆದರೆ ಕಾಲುಬಾಯಿ ಜ್ವರ ಇದೆ. ಊರಿನ ದನದಿಂದ ಕಾಡಿನ ಪ್ರಾಣಿಗೆ, ಅಲ್ಲಿಂದ ನಿಮ್ಮ ಕೊಟ್ಟಿಗೆಗೆ ಅದು ದಾಟಬಲ್ಲದು. ನಮ್ಮ ಡೇರಿಗೆ ಹಾಲು ಕೊಡುವ ಹಸು ಹೆಚ್ಚಾಗಿ ಕೊಟ್ಟಿಗೆಯಲ್ಲೇ ಇರುತ್ತದೆ ನಿಜ. ಅದರ ಪಕ್ಕದಲ್ಲಿ ಕಟ್ಟುವ ನಾಟಿ ದನ ಕಾಡಿಗೆ ಹೋಗಿ ಬರುತ್ತದಲ್ಲ?

ಕಷ್ಟಕ್ಕೆ ತಿಪ್ಪೆಯೊಂದೇ ಕೈಗೆಟುಕುವ ದುಡ್ಡು ಎಂಬುದು ನನಗೆ ಗೊತ್ತು. ಆದ್ದರಿಂದ ಮಾರಲೇಬೇಡಿ ಎನ್ನುವುದಿಲ್ಲ. ಮೊದಲು ಹೊಲಕ್ಕೆ ಬೇಕಾದಷ್ಟು ತೆಗೆದಿಡಿ, ಮಿಕ್ಕಿದ್ದನ್ನು ಮಾರಿ. ಸಗಣಿಯನ್ನು ಬಿಸಿಲಿಗೆ ಹರಡಬೇಡಿ. ನೆರಳಿನ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಗಂಜಲವನ್ನು ಚರಂಡಿಗೆ ಬಿಡಬೇಡಿ, ಹಸು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಅದರಲ್ಲೇ ಇದೆ. ಗುಂಡಿಗೆ ಹರಿಯುವಂತೆ ಒಂದು ಕಾಲುವೆ ಮಾಡಿ. ಹಾಲು ಕೊಡದ ನಾಲ್ಕು ದನ ಕಾಡಿಗೆ ಅಟ್ಟುವ ಬದಲು ಒಂದು ಒಳ್ಳೆಯ ಹಸು ಕಟ್ಟಿ, ಬದುವಿನಲ್ಲಿ ನೇಪಿಯರ್ ಹುಲ್ಲು, ಅಗಸೆ ನೆಡಿ.

ಇದನ್ನೆಲ್ಲ ನಿಮ್ಮ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹಿಂಡಿಗೆ, ಔಷಧಿಗೆ ಲೆಕ್ಕ ಇಡುವ ನಾವು ಗೊಬ್ಬರಕ್ಕೂ ಲೆಕ್ಕ ಇಡಬೇಕು. ಮೇವಿನ ಬೀಜ, ಗೊಬ್ಬರದ ಗುಂಡಿಗೆ ನೆರವು ಬೇಕೆಂದು ನಿಮ್ಮ ಹಾಲು ಉತ್ಪಾದಕರ ಸಂಘದ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿ. ಸಗಣಿ ಬಾಚುವ ಕೈ ನಿಮ್ಮದು. ಅದನ್ನು ಲಾರಿಗೆ ಹಾಕಬೇಕೋ, ಹೊಲಕ್ಕೆ ಹಾಕಬೇಕೋ ಎನ್ನುವ ಮಾತೂ ನಿಮ್ಮದೇ ಆಗಲಿ.