ತಂಪುಸೀಮೆಯ ಹುಲ್ಲೂ ನಮ್ಮ ಗೋಮಾಳದ ಗರಿಕೆಯೂ

ಗರಿಕೆಯನ್ನು ಕಾಪಾಡಿರೆಂದರೆ ಕೆಂಗೇರಿ ಹೋಬಳಿಯ ಗ್ರಾಮಮುಖ್ಯಸ್ಥರೂ ಜಮೀನುದಾರರೂ ನಗದೆ ಇರಲಾರರು. ರಾಗಿಯ ಹೊಲವನ್ನು ಒಮ್ಮೆ ಹೊಕ್ಕ ಗರಿಕೆಯನ್ನು ಕಿತ್ತು ಮುಗಿಸಿದವರುಂಟೆ? ಆದರೂ ಹೊಲದ ಗರಿಕೆಯ ಮಾತು ಬೇರೆ, ಗೋಮಾಳದ ಮತ್ತು ಕೆರೆಯ ಏರಿಯ ಗರಿಕೆಯ ಮಾತು ಬೇರೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕಡೆ ಮನೆಯಂಗಳಕ್ಕೆ ಹುಲ್ಲು ಹಾಸುವವರಲ್ಲಿ ಕೆಲವರಿಗೆ ತಂಪುದೇಶದ ಬೀಜವೇ ಮೇಲೆಂಬ ಭ್ರಮೆಯುಂಟು. ಬೆಂಗಳೂರಿನಲ್ಲಿ ದಾಖಲೆಯಾದ ಅತ್ಯಂತ ಹೆಚ್ಚಿನ ಚಳಿ 1884ನೆಯ ಜನವರಿಯದು, ಅದೂ 7.8 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯಲಿಲ್ಲ. ಹಿಮ ಬೀಳುವ ಸೀಮೆಯ ಹುಲ್ಲಿಗೆ ಇಲ್ಲಿ ಶತ್ರು ಪುಷ್ಯಮಾಸದ ಚಳಿಯಲ್ಲ, ಚೈತ್ರದ ಬಿಸಿಲು. ಆದುದರಿಂದ ಅವರ ಬೀಜವು ನಮಗೆ ಬೇಡ. ಅವರು ತಳಿಯನ್ನು ಸಾಧಿಸಿದ ಕ್ರಮವು ಬೇಕು.

ಆ ಕ್ರಮವು ನಡೆದುದು ನಮ್ಮ ಈ ಗರಿಕೆಯ ಜಾತಿಯಲ್ಲಿಯೇ. ಅಮೆರಿಕದವರು ಇದನ್ನು ಬರ್ಮುಡಾ ಹುಲ್ಲೆನ್ನುತ್ತಾರೆ. ಜಾರ್ಜಿಯಾ ಸಂಸ್ಥಾನದ ಟಿಫ್ಟನ್ನಿನಲ್ಲಿ ಹಳೆಯ ಹತ್ತಿಯ ಹೊಲವೊಂದರಲ್ಲಿ ಕಳೆಯಾಗಿ ಬೆಳೆದಿದ್ದ ಒಳ್ಳೆಯ ಗರಿಕೆಯನ್ನು ಆಯ್ದಿಟ್ಟಿದ್ದರು. ಗ್ಲೆನ್ ಬರ್ಟನ್ ಎಂಬ ವಿಜ್ಞಾನಿಯು ಅದನ್ನು ದಕ್ಷಿಣ ಆಫ್ರಿಕದ ಗರಿಕೆಯೊಡನೆ ಸಂಕರಗೊಳಿಸಿ 1943ರಲ್ಲಿ ಕೋಸ್ಟಲ್ ಎಂಬ ಮೇವಿನ ತಳಿಯನ್ನು ಕೊಟ್ಟನು. ಅದು ಉತ್ತರದ ಚಳಿಯನ್ನು ತಾಳಲಿಲ್ಲ. ಆಗ ಇಂಡಿಯಾನಾದ ಚಳಿಯಲ್ಲಿ ಬದುಕುಳಿದಿದ್ದ ಸಾಮಾನ್ಯ ಗರಿಕೆಯೊಂದನ್ನು ಅದಕ್ಕೆ ಬೆರೆಸಿದರು. 1953ರಲ್ಲಿ ಹೊರಬಂದ ಮಿಡ್‌ಲ್ಯಾಂಡ್ ತಳಿಯು ಚಳಿಗೆ ಗಟ್ಟಿಯಾಯಿತು. ಆಟದ ಬಯಲಿಗೆ ಹಾಸುವ ಟಿಫ್‌ಗ್ರೀನ್ (1956) ಸಹ ಗರಿಕೆಯ ಸಂಕರವೇ.

ಇದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟುದನ್ನು ರೈತರು ಬಲ್ಲರು. ಸಂಕರಕ್ಕೆ ಎರಡು ಕಡೆಯ ಬೇರೂ ಜೀವದಿಂದಿರಬೇಕು. ಇಂಡಿಯಾನಾದ ಆ ಗರಿಕೆಯನ್ನು ಯಾರಾದರೂ ಮೊದಲೇ ಅಗೆದೆಸೆದಿದ್ದರೆ ಬರ್ಟನ್ನನ ಕೋಸ್ಟಲ್ ತಳಿಗೆ ಚಳಿಯ ಬಲ ಎಲ್ಲಿಂದ ಬರುತ್ತಿತ್ತು? ನಾವಾದರೋ ಗೋಮಾಳವನ್ನು ನಿವೇಶನಕ್ಕೆ ಮಟ್ಟಮಾಡಿ, ಬರದಲ್ಲಿ ದನದ ಗೊರಸಿನಡಿ ನೂರಾರು ವರ್ಷ ಬಾಳಿದ ಬೇರನ್ನು ಮಣ್ಣಿನ ಲಾರಿಗೆ ತುಂಬಿಸಿ, ಅದೇ ಜಾಗಕ್ಕೆ ಸುರುಳಿ ಹುಲ್ಲನ್ನು ಹಣ ತೆತ್ತು ತರುತ್ತಿದ್ದೇವೆ. ಇದು ನನಗೆ ಬುದ್ಧಿವಂತಿಕೆಯಾಗಿ ಕಾಣದು.

ಗ್ರಾಮಮುಖ್ಯಸ್ಥರು ಮಾಡಬೇಕಾದುದು ಬಹಳವಿಲ್ಲ. ಫಾಲ್ಗುಣ ಚೈತ್ರಗಳಲ್ಲಿ, ಸುತ್ತಲಿನ ಹುಲ್ಲೆಲ್ಲ ಒಣಗಿದಾಗ, ಗೋಮಾಳದಲ್ಲಿ ತಿರುಗಾಡಿ ಹಸಿರಾಗಿಯೇ ಉಳಿದ ಮಡಿಗಳಿಗೆ ಗೂಟ ನೆಡಿಸತಕ್ಕದ್ದು. ಪುಷ್ಯದ ಚಳಿಯಲ್ಲಿಯೂ ಚಿಗುರುವುದು ಯಾವುದೆಂದು ನೋಡಿಟ್ಟಿದ್ದರೆ ಇನ್ನೂ ಲೇಸು. ಮುಂಗಾರು ಹಿಡಿದೊಡನೆ ಗೂಟ ನೆಟ್ಟ ಕಡೆಯಿಂದ ಗೆಣ್ಣುಳ್ಳ ತುಂಡುಗಳನ್ನು ತಂದು ನೆಡಬೇಕು. ಬೀಜದಿಂದ ಬೆಳೆದುದು ತಾಯಿಯನ್ನು ಹೋಲದು, ಗೆಣ್ಣಿನಿಂದ ಬಂದುದು ಹೋಲುವುದು. ಒಂದೊಂದು ಬಗೆಗೂ ಬೇರೆ ಪಾತಿ ಇರಲಿ, ನಡುವೆ ಎರಡು ಗಜ ಬರಿನೆಲ ಬಿಡಿರಿ. ಹಬ್ಬುಬಳ್ಳಿಗಳು ಬೆರೆತರೆ ಯಾವುದು ಯಾವುದೆಂದು ತಿಳಿಯದು. ಎರಡು ವರ್ಷ ಹೀಗೆ ಕೊಯ್ದು ತೂಗಿ ನೋಡಿ, ಗೆದ್ದುದನ್ನು ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರಿಗೆ ತೋರಿಸಿರಿ. ಪಾತಿಯನ್ನು ಮಾತ್ರ ರಾಗಿಯ ಹೊಲದಿಂದ ದೂರವಿಡಿರಿ. ಇಲ್ಲವಾದರೆ ನಿಮ್ಮ ಆಳುಗಳು ನನ್ನನ್ನು ಶಪಿಸಿಯಾರು.