ವಿದ್ಯಾಲಯದ ಲಾಂಛನ ಹೇಗಿರಬೇಕು?

ವಿದ್ಯಾಸಂಸ್ಥೆಯೊಂದು ಬೆಳೆಯುವಾಗ ಕಟ್ಟಡ, ಗ್ರಂಥಭಂಡಾರ, ಪ್ರಯೋಗಶಾಲೆ, ಆಟದ ಬಯಲು ಇವುಗಳ ಬಗ್ಗೆ ಆಡಳಿತ ಮಂಡಳಿಯವರು ಸಭೆ ಸೇರಿ ಸುದೀರ್ಘವಾಗಿ ಚರ್ಚಿಸುತ್ತಾರೆ. ದಾನಿಗಳು ಉದಾರವಾಗಿ ನೆರವಾಗುತ್ತಾರೆ. ಆದರೆ ಸಂಸ್ಥೆಯ ಲಾಂಛನದ ವಿಷಯಕ್ಕೆ ಅರ್ಧ ಗಂಟೆಯ ಚರ್ಚೆಯೂ ಮೀಸಲಾಗುವುದು ವಿರಳ. ಮುದ್ರಣಾಲಯದವರು ತೋರಿಸಿದ ಮಾದರಿಗಳಲ್ಲಿ ಒಂದನ್ನು ಒಪ್ಪಿಬಿಟ್ಟರೆ ಕೆಲಸ ಮುಗಿಯಿತು. ಹಾಗೆ ಒಪ್ಪಿದ ಆ ಚಿತ್ರವೇ ವಿದ್ಯಾರ್ಥಿಯ ಅಂಗಿಯ ಮೇಲೆ ವರ್ಷಗಟ್ಟಲೆ ಇರುತ್ತದೆ. ವರ್ಗಾವಣೆ ಪತ್ರದ ನೆತ್ತಿಯಲ್ಲಿ ಕುಳಿತು ಅವನ ಜೀವಮಾನವಿಡೀ ಜೊತೆಗೆ ಬರುತ್ತದೆ. ಇಷ್ಟು ದೀರ್ಘಕಾಲದ ಸಂಗಾತಿಯನ್ನು ಇಷ್ಟು ಅವಸರದಲ್ಲಿ ಆರಿಸುವುದು ಸರಿಯೇ ಎಂಬುದು ವಿಚಾರಾರ್ಹ.

ಇಂದಿನ ಶಾಲಾ ಲಾಂಛನಗಳನ್ನು ಗಮನಿಸಿ ನೋಡಬೇಕು. ಗುರಾಣಿಯ ಆಕಾರ, ಅದಕ್ಕೆ ನಾಲ್ಕು ಮನೆ, ಒಂದರಲ್ಲಿ ತೆರೆದ ಪುಸ್ತಕ, ಒಂದರಲ್ಲಿ ಉರಿಯುವ ದೀಪ, ಒಂದರಲ್ಲಿ ಹಲ್ಲುಚಕ್ರ, ಒಂದರಲ್ಲಿ ಉದಯಿಸುವ ಸೂರ್ಯ, ಸುತ್ತಲೂ ತೆನೆಗಳು, ಕೆಳಗೆ ಯಾರೂ ಓದಲಾಗದಷ್ಟು ಸಣ್ಣ ಅಕ್ಷರದ ಧ್ಯೇಯವಾಕ್ಯ. ಹೆಸರನ್ನು ಮರೆಮಾಡಿದರೆ ಅದು ಬೇತಮಂಗಲದ್ದೋ ಬೀದರಿನದೋ ಹೇಳಲು ಸಾಧ್ಯವಿಲ್ಲ. ಗುರುತಿಸಲಾರದ ಗುರುತು ಗುರುತೇ ಅಲ್ಲ. ಎಲ್ಲವನ್ನೂ ಹೇಳಹೊರಟ ಲಾಂಛನ ಕೊನೆಗೆ ಏನನ್ನೂ ಹೇಳುವುದಿಲ್ಲ ಎಂಬುದೇ ಈ ಲೇಖನದ ಮುಖ್ಯ ಅಭಿಪ್ರಾಯ.

ಗುರಾಣಿಯ ಆಕಾರ ನಮಗೆ ಯುರೋಪಿನಿಂದ ಬಂದುದು. ಅಲ್ಲಿ 12ನೆಯ ಶತಮಾನದಲ್ಲಿ ಯೋಧರು ತಮ್ಮ ಗುರಾಣಿಗಳ ಮೇಲೆ ವಂಶದ ಗುರುತನ್ನು ಬರೆಯಿಸುವ ಪದ್ಧತಿ ನೆಲೆಗೊಂಡಿತು. ಶಿರಸ್ತ್ರಾಣದಿಂದ ಮುಖ ಮುಚ್ಚಿದವನು ತನ್ನವನೋ ಶತ್ರುವೋ ಎಂದು ದೂರದಿಂದಲೇ ತಿಳಿಯಬೇಕಾಗಿತ್ತು. ಆದಕಾರಣ ಅವರ ಮೂಲ ಆಕೃತಿಗಳು ಅತ್ಯಂತ ಸರಳ. ನೆತ್ತಿಯ ಮೇಲೊಂದು ಅಗಲವಾದ ಪಟ್ಟಿ, ನಡುವೆ ಕಂಬದಂತೆ ನೆಟ್ಟಗೆ ನಿಂತ ಪಟ್ಟಿ, ಸೊಂಟದ ಪಟ್ಟಿಯಂತೆ ಅಡ್ಡಲಾಗಿ ಹಾಯ್ದ ಪಟ್ಟಿ, ಹೆಗಲಿನ ಶಲ್ಯದಂತೆ ಓರೆಯಾಗಿ ಇಳಿದ ಪಟ್ಟಿ, ಹೆಂಚಿನ ಮನೆಯ ಮಾಡಿನಂತೆ ಎರಡು ಇಳಿಜಾರುಗಳು ಕೂಡಿದ ಆಕೃತಿ, ಶಿಲುಬೆ, ಗುಣಾಕಾರದ ಚಿಹ್ನೆಯಂಥ ಓರೆ ಶಿಲುಬೆ. ಇವುಗಳ ಮೇಲೆ ಸಿಂಹ, ಹದ್ದು, ಹೂವು, ಬಿಲ್ಲೆಗಳು ಬಂದವು. ಅಲೆಯಂತೆ ಬಳುಕುವ ಪಟ್ಟಿ ನೀರಿನ ಸಂಕೇತವಾಯಿತು. ಚಿನ್ನದ ಬಣ್ಣದ ದುಂಡು ಬಿಲ್ಲೆಗೆ ಬೈಜಾಂಟಿಯಮ್ಮಿನ ಚಿನ್ನದ ನಾಣ್ಯದ ಹೆಸರೇ ನಿಂತಿತು.

ಬಣ್ಣಗಳಿಗೂ ಒಂದು ಕಟ್ಟುನಿಟ್ಟಾದ ನಿಯಮವುಂಟು. ಹಳದಿಯನ್ನು ಚಿನ್ನವೆಂದೂ ಬಿಳಿಯನ್ನು ಬೆಳ್ಳಿಯೆಂದೂ ಕರೆದು ಇವೆರಡನ್ನು ಲೋಹಗಳೆಂದರು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ವರ್ಣಗಳು. ಲೋಹದ ಮೇಲೆ ಲೋಹವನ್ನಾಗಲಿ, ವರ್ಣದ ಮೇಲೆ ವರ್ಣವನ್ನಾಗಲಿ ಇಡಬಾರದು. ಇದು ಶಾಸ್ತ್ರಕ್ಕಾಗಿ ಹುಟ್ಟಿದ ಶಾಸ್ತ್ರವಲ್ಲ. ತಿಳಿಯ ಮೇಲೆ ತಿಳಿ, ಕಡುವಿನ ಮೇಲೆ ಕಡು ದೂರಕ್ಕೆ ಕಾಣುವುದಿಲ್ಲ ಎಂಬ ಅನುಭವದ ಮಾತು.

ಇನ್ನು ಗುರಾಣಿಯನ್ನು ನಾಲ್ಕು ಮನೆಗಳಾಗಿ ವಿಭಾಗಿಸುವುದು ಅಂದಕ್ಕಾಗಿ ಬಂದುದಲ್ಲ. ವಿವಾಹದಿಂದಲೋ ಉತ್ತರಾಧಿಕಾರದಿಂದಲೋ ಎರಡು ವಂಶಗಳು, ಎರಡು ರಾಜ್ಯಗಳು ಒಂದಾದಾಗ ಉಭಯರ ಚಿಹ್ನೆಗಳನ್ನೂ ಒಂದೇ ಗುರಾಣಿಯಲ್ಲಿ ಇರಿಸುವ ವಿಧಾನವದು. ಬ್ರಿಟನ್ನಿನ ರಾಜಲಾಂಛನದಲ್ಲಿ ಇಂಗ್ಲೆಂಡಿನ ಸಿಂಹಗಳು, ಸ್ಕಾಟ್ಲೆಂಡಿನ ಸಿಂಹ, ಐರ್ಲೆಂಡಿನ ವೀಣೆ ಕೂಡಿರುವುದು ಹೀಗೆಯೇ. ನಮ್ಮ ಶಾಲೆಗಳು ಯಾವ ರಾಜ್ಯವನ್ನು ಗೆದ್ದು ನಾಲ್ಕು ಮನೆಗಳನ್ನು ಪಡೆದವು? ನಾವು ಅವರ ಚೌಕಟ್ಟನ್ನು ತಂದೆವು, ಅದರ ಹಿಂದಿನ ವಿವೇಕವನ್ನು ತರಲಿಲ್ಲ.

ಹಾಗೆಂದು ಲಾಂಛನವಿದ್ಯೆಯೇ ಪರಕೀಯವೆಂದು ಭಾವಿಸಬೇಕಾಗಿಲ್ಲ. ಕದಂಬರಿಗೆ ಸಿಂಹ, ಬಾದಾಮಿ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ ಲಾಂಛನಗಳಾಗಿದ್ದುದು ಅವರ ತಾಮ್ರಶಾಸನಗಳ ಮುದ್ರೆಗಳಿಂದ ಸರ್ವವಿದಿತ. ನಮ್ಮ ಕೋಲಾರವಂತೂ ಈ ವಿಷಯದಲ್ಲಿ ಭಾಗ್ಯಶಾಲಿ. ಗಂಗರಸರು ತಲಕಾಡಿಗೆ ಹೋಗುವುದಕ್ಕೆ ಮೊದಲು ಇದೇ ಕುವಲಾಲಪುರದಿಂದ ಆಳಿದವರು. ರಾಜಧಾನಿ ಬದಲಾದ ಮೇಲೂ ಕುವಲಾಲಪುರವರೇಶ್ವರರೆಂಬ ಬಿರುದನ್ನು ಬಿಡಲಿಲ್ಲ. ಅವರ ಮುದ್ರೆಯಲ್ಲಿರುವುದು ಒಂದೇ ಒಂದು ಆನೆ. ಶತಮಾನಗಳ ಆಳ್ವಿಕೆಗೆ ಒಂದು ಆನೆ ಸಾಕಾಯಿತು.

ಅನಂತರ ಈ ಸೀಮೆಯನ್ನಾಳಿದ ಚೋಳರ ಮುದ್ರೆಯಲ್ಲಿ ಹುಲಿಯ ಜೊತೆಗೆ ಮೀನುಗಳೂ ಬಿಲ್ಲೂ ಇವೆ. ಹುಲಿ ಅವರದು, ಮೀನು ಪಾಂಡ್ಯರದು, ಬಿಲ್ಲು ಚೇರರದು. ಯುರೋಪಿನವರು ಗುರಾಣಿಯನ್ನು ವಿಭಾಗಿಸಿ ಹೇಳಿದುದನ್ನೇ ಚೋಳರು ಸಾಲಾಗಿ ಇರಿಸಿ ಹೇಳಿದರು. ಹೆಚ್ಚುವರಿ ಚಿಹ್ನೆ ಬಂದರೆ ಅದಕ್ಕೊಂದು ಚರಿತ್ರೆಯಿರಬೇಕು ಎಂಬ ನಿಯಮ ಎರಡೂ ಕಡೆ ಒಂದೇ. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳನ್ನು ನೋಡಲು ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಈ ಮುದ್ರೆಯ ಕಥೆಯನ್ನೂ ಹೇಳಿದರೆ ಚರಿತ್ರೆಯ ಪಾಠ ಮನಸ್ಸಿನಲ್ಲಿ ನಿಲ್ಲುವುದು.

ಅರಸರಷ್ಟೇ ಅಲ್ಲ, ಜನಸಾಮಾನ್ಯರೂ ಲಾಂಛನವನ್ನು ಬಲ್ಲವರಾಗಿದ್ದರು. ದೇವಾಲಯಕ್ಕೋ ಮಠಕ್ಕೋ ಬಿಟ್ಟ ಭೂಮಿಯ ಎಲ್ಲೆಯಲ್ಲಿ ನೆಟ್ಟ ಲಿಂಗಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು ಇವೆಲ್ಲ ಅಕ್ಷರ ಬಾರದ ಒಕ್ಕಲಿಗನಿಗೂ ಅರ್ಥವಾಗುವ ದಾಖಲೆಗಳಾಗಿದ್ದವು. ಒಂದು ಕಲ್ಲು, ಒಂದು ಆಕೃತಿ, ಒಂದು ಅರ್ಥ. ಇದಕ್ಕಿಂತ ಉತ್ತಮವಾದ ಲಾಂಛನಪಾಠ ಬೇರೊಂದಿಲ್ಲ.

ದೇಶೀಯ ಆಕೃತಿಯೂ ಪರದೇಶದ ಚೌಕಟ್ಟೂ ಹೊಂದಿಕೊಳ್ಳಬಲ್ಲವು ಎಂಬುದಕ್ಕೆ ನಮ್ಮ ರಾಜ್ಯಲಾಂಛನವೇ ನಿದರ್ಶನ. ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡ. ಎರಡು ಪಕ್ಕಗಳಲ್ಲಿ ಆನೆಯ ಮೊಗದ ಸಿಂಹಗಳು. ಮೇಲೆ ಅಶೋಕನ ಸಿಂಹಸ್ತಂಭ. ಬಿಳಿಯೆಂದರೆ ಬೆಳ್ಳಿ, ಕೆಂಪೆಂದರೆ ವರ್ಣ. ಯುರೋಪಿನ ನಿಯಮಕ್ಕೂ ಇಲ್ಲಿ ಭಂಗವಿಲ್ಲ. ಆದರೆ ಹಕ್ಕಿ ಮಾತ್ರ ಅಪ್ಪಟ ನಮ್ಮದು. 1047ರಲ್ಲಿ ಬಳ್ಳಿಗಾವಿಯಲ್ಲಿ ನಿಲ್ಲಿಸಿದ ಭೇರುಂಡಸ್ತಂಭದ ಮೇಲೆ ಅದು ಮನುಷ್ಯದೇಹದೊಡನೆ ನಿಂತಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅಂಗೈಯ ಮೇಲಿನ ಕಾಳಿನಷ್ಟು ಚಿಕ್ಕದಾಗಿ ಮೂಡಿದೆ. ಕೆಳದಿಯ ಗುಡಿಯ ಛಾವಣಿಯಲ್ಲಿ ರೆಕ್ಕೆ ಬಿಚ್ಚಿದೆ. ಮೈಸೂರು ಒಡೆಯರ ಅರಮನೆಯನ್ನು ಹೊಕ್ಕು ಪ್ರಜಾರಾಜ್ಯದ ಕಾಗದಪತ್ರಗಳಿಗೂ ಬಂದಿದೆ. ಕಂಬದ ಮೇಲೂ ಕಾಸಿನ ಮೇಲೂ ಅದು ಅದೇ ಹಕ್ಕಿ. ಎರಡು ತಲೆ, ಬಿಚ್ಚಿದ ರೆಕ್ಕೆ, ಇಷ್ಟನ್ನು ಕಂಡವನು ಮರೆಯಲಾರ.

ಈಗ ನಮ್ಮ ಊರಿನ ಮಾತು. ಶಾಸನಗಳು ವಿಜಯಾದಿತ್ಯಮಂಗಲವೆಂದು ಕರೆದ ಈ ಬೇತಮಂಗಲದ ಹಿರಿಮೆ ಪಾಲಾರಿನ ನೀರನ್ನು ಹಿಡಿದ ಕೆರೆ. ಚಿನ್ನದ ಗಣಿಗಳ ಸಾವಿರಾರು ಕುಟುಂಬಗಳ ದಾಹವನ್ನು ತಣಿಸಿದ್ದು ಈ ಕೆರೆಯೇ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆ ಬಳಿಕ ಹುಟ್ಟಿದ ಮಕ್ಕಳಿಗೆ ಗಣಿಯೆಂದರೆ ದೂರಕ್ಕೆ ಕಾಣುವ ಬೂದು ಮಣ್ಣಿನ ದಿಬ್ಬಗಳು ಮಾತ್ರ. ಇಲ್ಲಿಯ ನೀರಿಗೂ ಅಲ್ಲಿಯ ಚಿನ್ನಕ್ಕೂ ಇದ್ದ ನಂಟನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಎದೆಯ ಮೇಲಿನ ಲಾಂಛನ ಹೇಳಬಲ್ಲುದು. ಈ ಸೀಮೆಯ ಕೆಂಪು ಮಣ್ಣಿನ ಬಣ್ಣದ ನೆಲ. ಮೇಲೊಂದು ಚಿನ್ನದ ಬಿಲ್ಲೆ. ಕೆಳಗೆ ಅಲೆಯಂಥ ಒಂದು ಬೆಳ್ಳಿಯ ಪಟ್ಟಿ. ಮೂರೇ ಅಂಶಗಳು. ಇದನ್ನೇ ಸ್ವೀಕರಿಸಬೇಕೆಂಬ ಹಟವಿಲ್ಲ. ಈ ದಾರಿಯಲ್ಲಿ ಯೋಚಿಸಬಹುದೆಂಬ ಸೂಚನೆಯಷ್ಟೆ.

ಯಾವುದೇ ಲಾಂಛನವನ್ನು ಒಪ್ಪುವ ಮೊದಲು ಮೂರು ಪರೀಕ್ಷೆಗಳನ್ನು ಮಾಡಬಹುದು. ನಾಲ್ಕನೆಯ ತರಗತಿಯ ಮಗು ಅದನ್ನು ನೆನಪಿನಿಂದಲೇ ಬರೆಯಬಲ್ಲುದೇ? ಒಂದೇ ಬಣ್ಣದ ರಬ್ಬರ್ ಮೊಹರಿನಲ್ಲಿ ಅದು ಸ್ಪಷ್ಟವಾಗಿ ಮೂಡುವುದೇ? ಹೆಸರಿಲ್ಲದೆಯೂ ಊರಿನ ಪರಿಚಯ ಹೇಳುವುದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಗುರಾಣಿಯ ಆಕಾರವಿದ್ದರೂ ಬಾಧಕವಿಲ್ಲ, ಇಲ್ಲದಿದ್ದರೂ ಕೊರತೆಯಿಲ್ಲ.

ಫಲಿತಾಂಶ ಚೆನ್ನಾಗಿದ್ದರೆ ಸಾಕು, ಲಾಂಛನದಿಂದೇನು ಎಂದು ಕೆಲವರು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಲಾಂಛನವೆಂಬ ಮಾತಿಗೆ ನಮ್ಮ ಪರಂಪರೆಯಲ್ಲಿ ಇನ್ನೊಂದು ಅರ್ಥವೂ ಉಂಟಲ್ಲವೇ? ಭಕ್ತನು ಧರಿಸುವ ಹೊರಗಿನ ಕುರುಹುಗಳೂ ಲಾಂಛನವೇ. ಶರಣರು ಲಾಂಛನವನ್ನು ಗೌರವಿಸಿದರು. ಆಚಾರವಿಲ್ಲದ ಬರಿಯ ಲಾಂಛನಧಾರಣೆಯನ್ನು ನಿಷ್ಠುರವಾಗಿ ಖಂಡಿಸಿದರು. ಶಾಲೆಯ ವಿಷಯದಲ್ಲಿಯೂ ನ್ಯಾಯ ಅದೇ. ದೀಪದ ಚಿತ್ರವಿದ್ದ ಮಾತ್ರಕ್ಕೆ ತರಗತಿಯಲ್ಲಿ ಬೆಳಕಾಗದು. ಆದರೆ ಅರ್ಥ ತಿಳಿಯದ ಚಿತ್ರವನ್ನು ಮಗು ಪಾಲಿಸುವುದಾದರೂ ಹೇಗೆ? ತನ್ನ ಅಂಗಿಯ ಮೇಲಿನ ಅಲೆ ತನ್ನೂರ ಕೆರೆಯೆಂದು ಬಲ್ಲ ಮಗುವಿಗೆ ಆ ಕೆರೆಗೆ ಕಸ ಸುರಿಯುವವರ ಮುಂದೆ ನಿಂತು ಮಾತನಾಡುವ ಹಕ್ಕು ಬರುತ್ತದೆ.

ಆದಕಾರಣ ಸಂಸ್ಥೆಗಳ ಹಿರಿಯರಲ್ಲಿಯೂ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಹೊಸ ಶಾಲೆಗೆ ಲಾಂಛನ ಬೇಕಾದಾಗ ಚಿತ್ರಕಲೆಯ ಮತ್ತು ಚರಿತ್ರೆಯ ಉಪಾಧ್ಯಾಯರಿಬ್ಬರನ್ನೂ ಕೂಡಿಸಿ, ಮಕ್ಕಳನ್ನೂ ಕೇಳಿ, ನಿಧಾನವಾಗಿ ನಿರ್ಧರಿಸಲಿ. ಈಗಾಗಲೇ ಲಾಂಛನವುಳ್ಳ ಶಾಲೆಗಳು ಪ್ರತಿ ವರ್ಷದ ಮೊದಲ ದಿನ ಹೊಸ ಮಕ್ಕಳಿಗೆ ಅದರ ಅರ್ಥವನ್ನು ವಿವರಿಸಲಿ. ವಿವರಿಸಲು ಹೊರಟಾಗ ಮಾತೇ ಸಿಗದ ಚಿಹ್ನೆ ಯಾವುದಾದರೂ ಅಲ್ಲಿದ್ದರೆ ಅದನ್ನು ತೆಗೆದುಹಾಕಲು ಅದೇ ತಕ್ಕ ಸಮಯ.