ತಡವಾಗಿ ಕೇಳಿದರೆ ಹಕ್ಕು ಅಳಿಯುವುದೇ?

"ಮೂವತ್ತೆಂಟು ವರ್ಷ ಸುಮ್ಮನಿದ್ದವರು ಆಮೇಲೇಕೆ ಬಾಯಿ ತೆರೆದರು ಮೇಷ್ಟ್ರೇ?" ಎಂದು ಮ್ಯಾಥ್ಯೂ ಫಿಶರ್ ಕುರಿತು ಹಳೆಯ ಶಿಷ್ಯರೊಬ್ಬರು ನನ್ನನ್ನು ಕೇಳಿದರು. ಈ ಪ್ರಶ್ನೆಯನ್ನು ನಾನು ಒಪ್ಪಲಾರೆ.

1967ರಲ್ಲಿ ಇಂಗ್ಲೆಂಡಿನ ಪ್ರೋಕಲ್ ಹಾರಮ್ ರಾಕ್ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್' ಗೀತೆ ಲೋಕಪ್ರಸಿದ್ಧವಾಯಿತು. ಬಾಖ್‌ನ ಛಾಯೆಯುಳ್ಳ ಆರ್ಗನ್ ವಾದನವೇ ಅದರ ಜೀವಾಳ. ಅದನ್ನು ರೂಪಿಸಿ ನುಡಿಸಿದವರು ಫಿಶರ್. ಕರ್ತೃಗಳೆಂದು ದಾಖಲಾದವರು ಮಾತ್ರ ಗಾಯಕ ಗ್ಯಾರಿ ಬ್ರೂಕರ್ ಮತ್ತು ಸಾಹಿತ್ಯ ಬರೆದ ಕೀತ್ ರೀಡ್.

ಫಿಶರ್ ತಂಡ ಸೇರುವ ಮೊದಲೇ ಹಾಡು ಸಿದ್ಧವಿತ್ತೆಂಬುದು ಬ್ರೂಕರ್ ವಾದ. ಇರಬಹುದು. ಆದರೆ ಆ ಆರ್ಗನ್ನನ್ನು ತೆಗೆದುಬಿಟ್ಟರೆ ಕೇಳುಗನ ನೆನಪಿನಲ್ಲಿ ಉಳಿಯುವುದೇನು?

ಫಿಶರ್ 2005ರಲ್ಲಿ ದಾವೆ ಹೂಡಿದರು. 2006ರಲ್ಲಿ ಹೈಕೋರ್ಟು ಅವರನ್ನು ಸಹಕರ್ತೃವೆಂದು ಒಪ್ಪಿ, ಸಂಗೀತದ ಹಕ್ಕಿನಲ್ಲಿ ಶೇ. 40 ಪಾಲು ನೀಡಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯವು ಹೆಸರನ್ನು ಉಳಿಸಿ, ವಿಳಂಬದ ಕಾರಣಕ್ಕೆ ಹಣವನ್ನು ನಿರಾಕರಿಸಿತು. 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಮ್ಮತದಿಂದ ಆ ಪಾಲನ್ನು ಮರಳಿಸಿತು.

ವಿಳಂಬದಿಂದ ನಷ್ಟವಾದದ್ದು ಫಿಶರ್ ಅವರಿಗೇ. 2005ಕ್ಕೆ ಹಿಂದಿನ ರಾಯಲ್ಟಿ ಅವರಿಗೆ ದಕ್ಕಲಿಲ್ಲ. ಅಷ್ಟೂ ವರ್ಷ ಅದನ್ನು ಉಂಡವರು ಬೇರೆಯವರು. ಹಾಗಿದ್ದೂ ತಡವಾಗಿ ಕೇಳಿದವನನ್ನೇ ಜರೆಯುವುದು ಯಾವ ನ್ಯಾಯ? ಕೊಡಬೇಕಾದವರು ಕೊಡದೆ ಇದ್ದ ಮೂವತ್ತೆಂಟು ವರ್ಷಗಳನ್ನು ಯಾರೂ ಎಣಿಸುವುದಿಲ್ಲವಲ್ಲ!

ಶಿಷ್ಯರೇ, ಕೂಡಿ ದುಡಿದ ಕೆಲಸಕ್ಕೆ ಎಲ್ಲರ ಹೆಸರನ್ನೂ ಮೊದಲ ದಿನವೇ ಬರೆದಿಡಿ. ಮರೆತಿದ್ದರೆ ಇಂದೇ ಬರೆಯಿರಿ. ತಡವಾಯಿತೆಂದು ಸಂಕೋಚಪಡಬೇಡಿ.